ತಂತಿಯಿಂದ ಕಿವಿಯವರೆಗೆ: ಮನೆಯ ಧ್ವನಿಮುದ್ರಣದಲ್ಲಿ ಗಿಟಾರ್ ಸದ್ದು ಕೆಟ್ಟರೆ ಏನು ಮಾಡಬೇಕು?

ಒಂದು ಹಾಡನ್ನು ಧ್ವನಿಮುದ್ರಿಸಬೇಕಾದರೆ ನಗರದ ಸ್ಟುಡಿಯೋಗೆ ಹೋಗಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ಗೋಡೆಯ ಗಡಿಯಾರ ನೋಡುತ್ತಾ ಹಾಡಬೇಕಿದ್ದ ಕಾಲವೊಂದಿತ್ತು. ಕ್ಯಾಸೆಟ್ಟಿನ ಆ ಕಾಲ ಕಳೆದುಹೋಯಿತು. ಇಂದು ಒಂದು ಕಂಪ್ಯೂಟರ್, ಒಂದು ಗಿಟಾರ್, ಒಂದು ಹೆಡ್‌ಫೋನ್ ಮತ್ತು ‘ಆಡಿಯೋ ಇಂಟರ್‌ಫೇಸ್’ ಎಂಬ ಪುಟ್ಟ ಪೆಟ್ಟಿಗೆ ಇದ್ದರೆ ಮಲಗುವ ಕೋಣೆಯೇ ಸ್ಟುಡಿಯೋ ಆಗುತ್ತದೆ. ಗಾಯಕವೃಂದದಲ್ಲಿ ಗಿಟಾರ್ ನುಡಿಸುವ ಅನೇಕ ಯುವಕ ಯುವತಿಯರ ಮನೆಗೆ ಈ ಪೆಟ್ಟಿಗೆ ಈಗಾಗಲೇ ಬಂದಿದೆ.

ಪೆಟ್ಟಿಗೆಯ ಹಿಂದೆಯೇ ಒಂದು ಸಣ್ಣ ಜಗಳವೂ ಬರುವುದುಂಟು. “ಅಪ್ಪಾ, ಇದರಲ್ಲಿ ಬರೀ ಗುಂಯ್ ಎಂಬ ಸದ್ದು. ಇದಕ್ಕಿಂತ ದೊಡ್ಡದು ತರಬೇಕು” ಎಂದು ಮಗ. “ಮೊನ್ನೆ ತಾನೇ ತಂದದ್ದಲ್ಲವೇನೋ? ಇದೆಲ್ಲ ದುಡ್ಡು ದಂಡ” ಎಂದು ತಂದೆ. ನಡುವೆ ಸಿಕ್ಕಿದ ತಾಯಿ ಇಬ್ಬರನ್ನೂ ಸಮಾಧಾನಪಡಿಸಬೇಕು. ಕೊನೆಗೆ ಒಂದೋ ಸಾಲ ಮಾಡಿ ಹೊಸ ಪೆಟ್ಟಿಗೆ ಬರುತ್ತದೆ, ಇಲ್ಲವೇ ಗಿಟಾರ್ ಮೂಲೆ ಸೇರುತ್ತದೆ. ಎರಡೂ ನಷ್ಟವೇ. ಏಕೆಂದರೆ ಇಂಥ ತೊಂದರೆಗಳಲ್ಲಿ ಹೆಚ್ಚಿನವು ಪೆಟ್ಟಿಗೆಯೊಳಗೆ ಇರುವುದೇ ಇಲ್ಲ. ಒಂದು ಕೇಬಲ್, ಒಂದು ಗುಂಡಿ, ಕಂಪ್ಯೂಟರಿನ ಒಂದು ಆಯ್ಕೆ ಅಥವಾ ಗೋಡೆಯ ಪ್ಲಗ್‌ನಲ್ಲಿ ಇರುತ್ತವೆ. ಕ್ರಮವಾಗಿ ಹುಡುಕಿದರೆ ಮನೆಯವರೇ ಕಂಡುಹಿಡಿಯಬಹುದು.

ಸಾಧನ ಸಣ್ಣದೆಂದು ಬೇಸರಪಡುವವರಿಗೆ ಒಂದು ನಿಜ ಸಂಗತಿ. 1982ರ ಜನವರಿಯಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ತಮ್ಮ ಬಾಡಿಗೆ ಮನೆಯಲ್ಲಿ, ಸಾಧಾರಣ ಕ್ಯಾಸೆಟ್ ಬಳಸುವ ನಾಲ್ಕು ಟ್ರ್ಯಾಕಿನ ಟ್ಯಾಸ್ಕಾಂ ಯಂತ್ರದಲ್ಲಿ ಗಿಟಾರ್ ನುಡಿಸಿ ಹಾಡಿದರು. ವಾದ್ಯವೃಂದಕ್ಕೆ ಹಾಡು ಕಲಿಸಲೆಂದು ಮಾಡಿಕೊಂಡ ಮಾದರಿ ಅದು. ಬಳಿಕ ದೊಡ್ಡ ಸ್ಟುಡಿಯೋದಲ್ಲಿ ಎಲ್ಲರೂ ಸೇರಿ ನುಡಿಸಿ ನೋಡಿದರು. ಆದರೆ ಮನೆಯ ಕ್ಯಾಸೆಟ್ಟಿನಲ್ಲಿದ್ದ ಭಾವ ಅಲ್ಲಿ ಬರಲಿಲ್ಲ. ಅದೇ ಕ್ಯಾಸೆಟ್ ‘ನೆಬ್ರಾಸ್ಕಾ’ ಎಂಬ ಹೆಸರಿನಲ್ಲಿ ಅದೇ ವರ್ಷ ಬಿಡುಗಡೆಯಾಯಿತು. ಇಂದಿನ ಅಗ್ಗದ ಇಂಟರ್‌ಫೇಸ್ ಕೂಡ ಆ ಕ್ಯಾಸೆಟ್ ಯಂತ್ರಕ್ಕಿಂತ ಶುದ್ಧವಾಗಿ ಧ್ವನಿಯನ್ನು ಹಿಡಿಯಬಲ್ಲದು.

ಸದ್ದು ನಡೆಯುವ ದಾರಿ

ಮೊದಲು ಈ ದಾರಿಯನ್ನು ಅರಿಯೋಣ. ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕೆಳಗೆ ‘ಪಿಕಪ್’ ಎಂಬ ಭಾಗವಿದೆ. ಅದು ಆಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದು ಕೇಬಲ್ ಮೂಲಕ ಇಂಟರ್‌ಫೇಸಿಗೆ ಬರುತ್ತದೆ. ಇಂಟರ್‌ಫೇಸ್ ಅದನ್ನು ಬಲಪಡಿಸಿ, ಅಂಕಿಗಳನ್ನಾಗಿ ಬದಲಾಯಿಸಿ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕಳುಹಿಸುತ್ತದೆ. ಕಂಪ್ಯೂಟರಿನಿಂದ ಮರಳಿ ಬಂದ ಅಂಕಿಗಳನ್ನು ಮತ್ತೆ ಸದ್ದಾಗಿಸಿ ಹೆಡ್‌ಫೋನಿಗೆ ಕೊಡುವುದೂ ಅದೇ.

ಅಂದರೆ ಗಿಟಾರ್, ಕೇಬಲ್, ಇಂಟರ್‌ಫೇಸ್, ಯುಎಸ್‌ಬಿ, ಕಂಪ್ಯೂಟರ್, ಹೆಡ್‌ಫೋನ್ ಎಂಬ ಆರು ನಿಲ್ದಾಣಗಳು. ಗದ್ದೆಗೆ ನೀರು ಬರದಿದ್ದರೆ ರೈತ ಏನು ಮಾಡುತ್ತಾನೆ? ಕಾಲುವೆಯ ಗುಂಟ ನಡೆದು ಎಲ್ಲಿ ಒಡೆದಿದೆ, ಎಲ್ಲಿ ಕಟ್ಟಿದೆ ಎಂದು ನೋಡುತ್ತಾನೆ. ಇಲ್ಲಿಯೂ ಅದೇ ಕೆಲಸ. ಇದಕ್ಕೆ ಎರಡು ನಿಯಮಗಳಿವೆ. ಒಂದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಾಲ್ಕು ಗುಂಡಿಗಳನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಎರಡು, ಸರಿಯಾಗಿದೆ ಎಂದು ಖಚಿತವಾಗಿ ಗೊತ್ತಿರುವ ವಸ್ತುವನ್ನು ಸಂಶಯದ ವಸ್ತುವಿನ ಜಾಗದಲ್ಲಿಟ್ಟು ನೋಡಿ. ಗೆಳೆಯನ ಕೇಬಲನ್ನು ಒಂದು ಸಂಜೆಯ ಮಟ್ಟಿಗೆ ಕೇಳಿ ತಂದರೆ ಅರ್ಧ ಉತ್ತರ ಸಿಕ್ಕಂತೆ.

ಸದ್ದೇ ಇಲ್ಲದಿದ್ದರೆ

ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿ ಸೊನ್ನೆಯಲ್ಲಿದೆಯೇ ನೋಡಿ. ನಗಬೇಡಿ, ಅನುಭವಸ್ಥರಿಗೂ ಹೀಗಾಗುವುದುಂಟು. ಪಿಕಪ್ ಇರುವ ಅಕೌಸ್ಟಿಕ್ ಗಿಟಾರಾದರೆ ಅದರೊಳಗೆ ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿದೊಡನೆ ಆ ಬ್ಯಾಟರಿ ಕೆಲಸ ಆರಂಭಿಸುತ್ತದೆ. ನುಡಿಸಿದ ಬಳಿಕ ಕೇಬಲ್ ತೆಗೆಯದೆ ಹಾಗೆಯೇ ಗೋಡೆಗೆ ಒರಗಿಸಿಟ್ಟರೆ ರಾತ್ರಿಯೆಲ್ಲ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಬ್ಯಾಟರಿ ಬತ್ತುತ್ತಾ ಬಂದಾಗ ಸದ್ದು ಮೊದಲು ಒಡಕಾಗಿ, ಆಮೇಲೆ ಇಲ್ಲವಾಗುತ್ತದೆ.

ಅನಂತರ ಇಂಟರ್‌ಫೇಸಿನ ಮೇಲಿನ ಪುಟ್ಟ ದೀಪವನ್ನು ನೋಡಿ. ತಂತಿ ಮೀಟಿದಾಗ ದೀಪ ಮಿನುಗಿದರೆ ಸದ್ದು ಅಲ್ಲಿಯವರೆಗೆ ಬಂದಿದೆ ಎಂದರ್ಥ. ಹಾಗಾದರೆ ಗಿಟಾರನ್ನೂ ಕೇಬಲನ್ನೂ ಬಿಟ್ಟು ಕಂಪ್ಯೂಟರಿನ ಕಡೆ ತಿರುಗಿ. ದೀಪ ಮಿನುಗದಿದ್ದರೆ ದೋಷ ಹಿಂದೆಯೇ ಇದೆ. ಕೇಬಲ್ ಬದಲಾಯಿಸಿ ನೋಡಿ. ಈ ಒಂದು ದೀಪ ಅರ್ಧ ದಾರಿಯ ಹುಡುಕಾಟವನ್ನು ಉಳಿಸುತ್ತದೆ.

ಕಂಪ್ಯೂಟರಿನಲ್ಲಿ ಮೂರು ಸಂಗತಿ ಪರಿಶೀಲಿಸಿ. ಧ್ವನಿಮುದ್ರಣದ ತಂತ್ರಾಂಶದಲ್ಲಿ ಒಳಬರುವ ಸದ್ದಿಗೆ ಇಂಟರ್‌ಫೇಸಿನ ಹೆಸರೇ ಆಯ್ಕೆಯಾಗಿದೆಯೇ? ಎಷ್ಟೋ ಬಾರಿ ಲ್ಯಾಪ್‌ಟಾಪಿನ ಸ್ವಂತ ಮೈಕ್ ಆಯ್ಕೆಯಾಗಿದ್ದು, ಗಿಟಾರಿನ ಬದಲು ಕೋಣೆಯ ಫ್ಯಾನಿನ ಸದ್ದು ಮುದ್ರಣವಾಗುತ್ತಿರುತ್ತದೆ. ಎರಡನೆಯದು ಅನುಮತಿ. ಮ್ಯಾಕ್ ಕಂಪ್ಯೂಟರುಗಳಲ್ಲಿ 2018ರ ಮೊಹಾವೆ ಆವೃತ್ತಿಯಿಂದ, ಹಾಗೆಯೇ ವಿಂಡೋಸ್ 10 ಮತ್ತು 11ರಲ್ಲಿ, ತಂತ್ರಾಂಶಗಳಿಗೆ ಮೈಕ್ ಬಳಸಲು ಅನುಮತಿ ಬೇಕು. ಇಂಟರ್‌ಫೇಸ್ ಕೂಡ ಕಂಪ್ಯೂಟರಿನ ಲೆಕ್ಕದಲ್ಲಿ ಮೈಕೇ. ಮೂರನೆಯದು ಯುಎಸ್‌ಬಿ ತಂತಿ. ಕೆಲವು ತಂತಿಗಳು ಫೋನ್ ಚಾರ್ಜ್ ಮಾಡಲು ಮಾತ್ರ ಬರುತ್ತವೆ, ಅವುಗಳಲ್ಲಿ ಮಾಹಿತಿ ಹರಿಯದು. ಪೆಟ್ಟಿಗೆಯ ಜೊತೆ ಬಂದ ತಂತಿಯನ್ನೇ ಬಳಸಿ, ನೇರವಾಗಿ ಕಂಪ್ಯೂಟರಿಗೇ ಚುಚ್ಚಿ.

ಗಿಟಾರ್ ಒಂದೇ ಕಿವಿಯಲ್ಲಿ ಕೇಳುತ್ತಿದೆಯೇ? ಗಿಟಾರಿನ ಸದ್ದು ಒಂದೇ ದಾರಿಯಲ್ಲಿ ಬರುತ್ತದೆ. ತಂತ್ರಾಂಶದಲ್ಲಿ ‘ಸ್ಟೀರಿಯೋ’ ಟ್ರ್ಯಾಕ್ ತೆರೆದರೆ ಅದು ಒಂದು ಕಡೆಗೆ ಮಾತ್ರ ಬೀಳುತ್ತದೆ. ‘ಮೋನೋ’ ಟ್ರ್ಯಾಕ್ ತೆರೆಯಿರಿ, ಎರಡೂ ಕಿವಿಗೆ ಕೇಳುತ್ತದೆ. ಹೆಡ್‌ಫೋನ್ ಕೆಟ್ಟಿತೆಂದು ಎಸೆಯಬೇಡಿ.

ಸದ್ದು ಸಣ್ಣದಾಗಿ, ಮಂಕಾಗಿ ಬಂದರೆ

ಇದು ಹೊಸಬರಿಗೆ ತಪ್ಪದೆ ಎದುರಾಗುವ ತೊಂದರೆ. ಇಂಟರ್‌ಫೇಸಿನಲ್ಲಿ ಮೈಕ್, ಲೈನ್ ಮತ್ತು ಇನ್‌ಸ್ಟ್ರುಮೆಂಟ್ ಎಂಬ ಮೂರು ಬಗೆಯ ಪ್ರವೇಶಗಳಿರುತ್ತವೆ. ಗಿಟಾರಿನ ಪಿಕಪ್ಪಿನಿಂದ ಬರುವ ವಿದ್ಯುತ್ ಬಹಳ ದುರ್ಬಲ. ಅದರಿಂದ ಹೆಚ್ಚು ಎಳೆದುಕೊಳ್ಳದ ಬಾಗಿಲು ಬೇಕು. ಇನ್‌ಸ್ಟ್ರುಮೆಂಟ್ ಪ್ರವೇಶದ ಪ್ರತಿರೋಧ ಸಾಮಾನ್ಯವಾಗಿ 10 ಲಕ್ಷ ಓಮ್, ಅಂದರೆ 1 ಮೆಗಾಓಮ್‌ನ ಆಸುಪಾಸಿನಲ್ಲಿರುತ್ತದೆ. ಲೈನ್ ಪ್ರವೇಶದ್ದು ಕೆಲವು ಹತ್ತು ಸಾವಿರ ಓಮ್, ಮೈಕಿನದ್ದು ಕೆಲವೇ ಸಾವಿರ. ತಪ್ಪು ಬಾಗಿಲಿಗೆ ಚುಚ್ಚಿದರೆ ಗಿಟಾರಿನ ಮೇಲಿನ ಸ್ವರಗಳೆಲ್ಲ ಸೋರಿಹೋಗಿ, ಕಂಬಳಿ ಹೊದಿಸಿದಂತೆ ಕೇಳುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ಪೆಟ್ಟಿಗೆಯ ಮೇಲೆ ‘ಇನ್‌ಸ್ಟ್’, ‘ಹೈ-ಝೆಡ್’ ಎಂಬ ಬರಹ ಅಥವಾ ಗಿಟಾರಿನ ಚಿತ್ರವಿರುವ ಗುಂಡಿಯನ್ನು ಒತ್ತಿ. ಕೆಲವು ಪೆಟ್ಟಿಗೆಗಳಲ್ಲಿ ಈ ಆಯ್ಕೆ ಕಂಪ್ಯೂಟರಿನ ತಂತ್ರಾಂಶದೊಳಗೆ ಇರುತ್ತದೆ. ಎರಡು ಪ್ರವೇಶಗಳಿದ್ದು ಒಂದಕ್ಕೆ ಮಾತ್ರ ಗಿಟಾರ್ ಸೌಲಭ್ಯ ಇರುವುದೂ ಉಂಟು. ಪುಸ್ತಿಕೆಯನ್ನು ಒಮ್ಮೆ ಓದಿ.

ಸದ್ದು ಒಡೆದು ಕೇಳಿದರೆ

‘ಗೇನ್’ ಗುಂಡಿ ಹೆಚ್ಚಾದರೆ ಸದ್ದು ಒಡೆಯುತ್ತದೆ. ಅಂಕಿಗಳ ಲೋಕದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಮನೆಯ ಛಾವಣಿ ಇದ್ದಂತೆ. ಅದರ ಮೇಲೆ ಜಾಗವಿಲ್ಲ. ತಲೆ ತಾಗಿದ ಸದ್ದಿನ ತುದಿ ಕತ್ತರಿಸಿಹೋಗುತ್ತದೆ, ಆಮೇಲೆ ಅದನ್ನು ಪೂರ್ತಿಯಾಗಿ ಮರಳಿ ತರಲಾಗದು. ಹಾಡಿನಲ್ಲಿ ಅತ್ಯಂತ ಜೋರಾಗಿ ಮೀಟುವ ಭಾಗವನ್ನು ನುಡಿಸಿ, ಅಳತೆಯ ಪಟ್ಟಿ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ನಿಲ್ಲುವಂತೆ ಗೇನ್ ಇಡಿ. ‘ಇಷ್ಟು ಸಣ್ಣ ಸದ್ದೇ?’ ಎಂಬ ಚಿಂತೆ ಬೇಡ. ಇಂದಿನ 24 ಬಿಟ್ ಧ್ವನಿಮುದ್ರಣದಲ್ಲಿ ಕಡಿಮೆ ಮಟ್ಟದಲ್ಲಿ ಮುದ್ರಿಸಿ ಆಮೇಲೆ ಏರಿಸಿದರೆ ಗುಣ ಕೆಡುವುದಿಲ್ಲ.

ಒಡೆದ ಸದ್ದು ಯಾವಾಗಲೂ ದೋಷವೇ ಎಂದೇನಿಲ್ಲ. 1968ರಲ್ಲಿ ಬೀಟಲ್ಸ್ ತಂಡ ‘ರೆವಲ್ಯೂಷನ್’ ಹಾಡಿಗಾಗಿ ಲಂಡನ್ನಿನ ಸ್ಟುಡಿಯೋದಲ್ಲಿ ಗಿಟಾರನ್ನು ನೇರವಾಗಿ ಮಿಕ್ಸರ್ ಯಂತ್ರಕ್ಕೆ ಚುಚ್ಚಿ, ಅದು ತಾಳಲಾರದಷ್ಟು ಗೇನ್ ಕೊಟ್ಟು, ಬೇಕೆಂದೇ ಸದ್ದನ್ನು ಒಡೆದಿತ್ತು. ಆದರೆ ಅದು ಹಳೆಯ ಯಂತ್ರದ ಗುಣ. ಅಂಥ ಸದ್ದು ಬೇಕಾದವರು ಮೊದಲು ಶುದ್ಧವಾಗಿ ಮುದ್ರಿಸಿಕೊಂಡು, ಬಳಿಕ ತಂತ್ರಾಂಶದಲ್ಲಿ ಆ ಬಣ್ಣ ಹಚ್ಚುವುದು ಮೇಲು. ಬಿಳಿ ಬಟ್ಟೆಗೆ ಯಾವ ಬಣ್ಣವನ್ನೂ ಹಾಕಬಹುದು.

ಗುಂಯ್ ಎಂಬ ಸದ್ದು ಮತ್ತು ಒಂದು ಎಚ್ಚರಿಕೆ

ನಮ್ಮ ಮನೆಗಳ ವಿದ್ಯುತ್ ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಗಿಟಾರಿನ ಪಿಕಪ್ ತಂತಿಯ ಕಂಪನವನ್ನು ಹಿಡಿಯುವಂತೆಯೇ ಇದನ್ನೂ ಹಿಡಿಯುತ್ತದೆ. ಅದೇ ಗುಂಯ್ ಎಂಬ ಸದ್ದು. ಕುರ್ಚಿಯಲ್ಲಿ ಕುಳಿತೇ ಗಿಟಾರನ್ನು ನಿಧಾನವಾಗಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ. ಸದ್ದು ಹೆಚ್ಚು ಕಡಿಮೆ ಆಗುತ್ತಿದ್ದರೆ ಅದು ಗಾಳಿಯಲ್ಲಿ ಬರುತ್ತಿದೆ. ಕಂಪ್ಯೂಟರ್, ಫ್ಯಾನಿನ ರೆಗ್ಯುಲೇಟರ್, ಮಂದಗೊಳಿಸುವ ದೀಪಗಳಿಂದ ದೂರ ಕುಳಿತರೆ ಸಾಕು. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ.

ತಿರುಗಿದರೂ ಬದಲಾಗದಿದ್ದರೆ, ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ದೋಷ ಚಾರ್ಜರ್ ಅಥವಾ ಅರ್ತಿಂಗಿನದು. ಒಂದು ಹಾಡಿನ ಮುದ್ರಣಕ್ಕೆ ಬ್ಯಾಟರಿಯೇ ಸಾಕಾದೀತು. ಕಂಪ್ಯೂಟರ್, ಸ್ಪೀಕರ್ ಎಲ್ಲವನ್ನೂ ಒಂದೇ ಮೂರು ಪಿನ್ನಿನ ಒಳ್ಳೆಯ ಬೋರ್ಡಿಗೆ ಚುಚ್ಚಿದರೂ ಸದ್ದು ಇಳಿಯುವುದುಂಟು. ತಂತಿಗಳನ್ನು ಕೈಯಿಂದ ಮುಟ್ಟಿದಾಗ ಗುಂಯ್ ಎನ್ನುವುದು ಕಡಿಮೆಯಾದರೆ ಸಾಮಾನ್ಯವಾಗಿ ಗಾಬರಿ ಬೇಡ. ಬಹುತೇಕ ಎಲೆಕ್ಟ್ರಿಕ್ ಗಿಟಾರುಗಳು ಹಾಗೆಯೇ ವರ್ತಿಸುತ್ತವೆ.

ಈಗ ಹೆತ್ತವರೆಲ್ಲರೂ ಗಮನಿಸಬೇಕಾದ ಮಾತು. ‘ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ದೊಡ್ಡ ಪಿನ್ ಮುರಿದರೆ ಗುಂಯ್ ಎನ್ನುವುದು ನಿಲ್ಲುತ್ತದೆ’ ಎಂದು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ. ಸದ್ದು ನಿಲ್ಲಬಹುದು, ಜೀವವೂ ನಿಲ್ಲಬಹುದು. ಆ ಪಿನ್ನೇ ಅರ್ತಿಂಗ್. ಯಂತ್ರದಲ್ಲಿ ವಿದ್ಯುತ್ ಸೋರಿದರೆ ಅದನ್ನು ನೆಲಕ್ಕೆ ಒಯ್ಯುವುದು ಅದೇ. ಗಿಟಾರಿನ ಲೋಹದ ತಂತಿಗಳನ್ನು ಬರಿಗೈಯಲ್ಲಿ ಹಿಡಿದು, ತುಟಿಯನ್ನು ಮೈಕಿಗೆ ತಾಗಿಸಿ ಹಾಡುವವನ ದೇಹ ಎರಡು ಯಂತ್ರಗಳ ನಡುವಿನ ಸೇತುವೆಯಾಗುತ್ತದೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸೀ ನಗರದಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸರಿಯಾದ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ತೀರಿಕೊಂಡರು. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ ತಮ್ಮ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ವಿದ್ಯುದಾಘಾತದಿಂದ ಸತ್ತರು.

ಆದ್ದರಿಂದ ಗಿಟಾರ್ ಮುಟ್ಟಿದಾಗ, ಮೈಕಿಗೆ ತುಟಿ ತಾಗಿದಾಗ ಚುರುಕ್ ಎಂದರೆ ಅದನ್ನು ಬರೀ ಸದ್ದಿನ ತೊಂದರೆ ಎಂದು ತಳ್ಳಿಹಾಕಬೇಡಿ. ಕೂಡಲೇ ಸ್ವಿಚ್ ಆರಿಸಿ, ಬಲ್ಲ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿಷ್ಪ್ರಯೋಜಕವಾಗಿರಬಹುದು. ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ ಇಲ್ಲದ ಮನೆಯಾದರೆ, ಹೊಸ ಇಂಟರ್‌ಫೇಸಿಗೆಂದು ಎತ್ತಿಟ್ಟ ಹಣವನ್ನು ಮೊದಲು ಅದಕ್ಕೆ ಬಳಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ನುಡಿಸಲು ಮಕ್ಕಳನ್ನು ಬಿಡಬೇಡಿ.

ಮೀಟಿದ ಮೇಲೆ ತಡವಾಗಿ ಕೇಳಿದರೆ

ಕಂಪ್ಯೂಟರ್ ಸದ್ದನ್ನು ಹನಿ ಹನಿಯಾಗಿ ಅಲ್ಲ, ಬಿಂದಿಗೆ ಬಿಂದಿಗೆಯಾಗಿ ಒಯ್ಯುತ್ತದೆ. ಆ ಬಿಂದಿಗೆಯ ಹೆಸರು ‘ಬಫರ್’. ಬಿಂದಿಗೆ ದೊಡ್ಡದಾದಷ್ಟೂ ತುಂಬಲು ಹೊತ್ತು ಬೇಕು. ಸೆಕೆಂಡಿಗೆ 48,000 ಮಾದರಿಗಳ ಮುದ್ರಣದಲ್ಲಿ ಬಫರ್ 1024 ಇದ್ದರೆ ಒಂದು ಬಿಂದಿಗೆಗೇ 21 ಮಿಲಿಸೆಕೆಂಡ್. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತುಂಬಬೇಕಾದ್ದರಿಂದ ತಡ ದುಪ್ಪಟ್ಟಿಗೂ ಹೆಚ್ಚಾಗಿ, ತಾಳ ತಪ್ಪುತ್ತದೆ. ಬಫರನ್ನು 128ಕ್ಕೆ ಇಳಿಸಿದರೆ ಬಿಂದಿಗೆಗೆ 3 ಮಿಲಿಸೆಕೆಂಡಿಗಿಂತ ಕಡಿಮೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ 10 ಮಿಲಿಸೆಕೆಂಡಿನ ತಡವೆಂದರೆ ಸ್ಪೀಕರಿನಿಂದ ಮೂರು ಮೂರೂವರೆ ಮೀಟರ್ ದೂರ ಕುಳಿತಂತೆ. ಕೈ ಅದಕ್ಕೆ ಹೊಂದಿಕೊಳ್ಳುತ್ತದೆ.

ಬಫರ್ ತೀರಾ ಇಳಿಸಿದರೆ ಕಂಪ್ಯೂಟರಿಗೆ ಏದುಸಿರು ಬಂದು ಚಟಪಟ ಎಂಬ ಸದ್ದು ಸೇರಿಕೊಳ್ಳುತ್ತದೆ. ಆಗ ಸ್ವಲ್ಪ ಏರಿಸಿ. ನುಡಿಸುವಾಗ ಸಣ್ಣ ಬಫರ್, ಮುದ್ರಣ ಮುಗಿದು ಹಾಡನ್ನು ಹದಗೊಳಿಸುವಾಗ ದೊಡ್ಡ ಬಫರ್ ಎಂಬುದೇ ಸೂತ್ರ. ವಿಂಡೋಸ್ ಬಳಸುವವರು ಇಂಟರ್‌ಫೇಸ್ ತಯಾರಕರೇ ಕೊಡುವ ‘ಆಸಿಯೋ’ ಡ್ರೈವರನ್ನು ಹಾಕಿಕೊಂಡು, ತಂತ್ರಾಂಶದಲ್ಲಿ ಅದನ್ನೇ ಆರಿಸಬೇಕು. ಮ್ಯಾಕ್‌ನಲ್ಲಿ ಈ ವ್ಯವಸ್ಥೆ ಒಳಗೇ ಇದೆ.

ಇದಕ್ಕಿಂತ ಸುಲಭದ ದಾರಿ ‘ಡೈರೆಕ್ಟ್ ಮಾನಿಟರ್’ ಗುಂಡಿ. ಅದನ್ನು ಒತ್ತಿದರೆ ಗಿಟಾರಿನ ಸದ್ದು ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಇಂಟರ್‌ಫೇಸಿನಿಂದ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಒತ್ತಿದ ಮೇಲೆ ಪ್ರತಿ ಸ್ವರ ಎರಡೆರಡು ಸಲ ಕೇಳಿದರೆ, ತಂತ್ರಾಂಶದಲ್ಲಿರುವ ಮಾನಿಟರ್ ಆಯ್ಕೆಯನ್ನು ಆರಿಸಿಬಿಡಿ.

ಮುದ್ರಿಸಿದ ಹಾಡು ಕೇಳುವಾಗ ಶ್ರುತಿ ಏರಿ, ಓಡಿದಂತೆ ಕೇಳುತ್ತದೆಯೇ? 44,100 ಮಾದರಿಗಳಲ್ಲಿ ಮುದ್ರಿಸಿದ್ದನ್ನು 48,000ದಲ್ಲಿ ನುಡಿಸಿದರೆ ಸುಮಾರು ಶೇಕಡಾ 9ರಷ್ಟು ವೇಗ ಹೆಚ್ಚುತ್ತದೆ. ಇಂಟರ್‌ಫೇಸ್, ಕಂಪ್ಯೂಟರ್, ತಂತ್ರಾಂಶ ಮೂರಲ್ಲೂ ಒಂದೇ ‘ಸ್ಯಾಂಪಲ್ ರೇಟ್’ ಇರಲಿ.

ಮೈಕಿನಿಂದ ಮುದ್ರಿಸುವಾಗ

ಪಿಕಪ್ ಇಲ್ಲದ ಸಾದಾ ಗಿಟಾರಿಗೆ ಮೈಕ್ ಬೇಕು. ಕಂಡೆನ್ಸರ್ ಮೈಕಾದರೆ ಇಂಟರ್‌ಫೇಸಿನ ‘48 ವೋಲ್ಟ್’ ಗುಂಡಿ ಒತ್ತದೆ ಅದು ಮಾತಾಡುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿಗೆ ಆ ಗುಂಡಿ ಬೇಡ, ಆರಿಸಿಡಿ. ಮೈಕನ್ನು ಗಿಟಾರಿನ ನಡುವಿನ ರಂಧ್ರಕ್ಕೆ ನೇರವಾಗಿ ಹಿಡಿದರೆ ಗುಡುಗಿನಂತೆ ಭಾರವಾದ ಸದ್ದು ಬರುತ್ತದೆ. ಕತ್ತು ಮತ್ತು ಒಡಲು ಸೇರುವಲ್ಲಿ, ಹನ್ನೆರಡನೆಯ ಫ್ರೆಟ್ಟಿನ ಕಡೆಗೆ, ಒಂದು ಗೇಣು ದೂರದಲ್ಲಿ ಇಟ್ಟು ಆರಂಭಿಸಿ. ಬರಿಗೋಡೆಯ ಕೋಣೆ ಮೊಳಗುತ್ತಿದ್ದರೆ ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕಪಾಟು ಇರುವ ಕೋಣೆಗೆ ಹೋಗಿ. ಇದಕ್ಕಿಂತ ಅಗ್ಗದ ಸ್ಟುಡಿಯೋ ಇನ್ನೊಂದಿಲ್ಲ.

ಕಾಸರಗೋಡಿನಂಥ ಕರಾವಳಿಯ ಮಳೆಗಾಲದ ತೇವಕ್ಕೆ ಗಿಟಾರಿನ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ, ಪ್ಲಗ್ಗಿನ ಲೋಹ ಮಂಕಾಗುತ್ತದೆ. ತುಕ್ಕು ಹಿಡಿದ ತಂತಿಯ ಸದ್ದನ್ನು ಯಾವ ಪೆಟ್ಟಿಗೆಯೂ ಬೆಳಗಿಸಲಾರದು. ನುಡಿಸಿದ ಬಳಿಕ ಒಣ ಬಟ್ಟೆಯಿಂದ ತಂತಿ ಒರೆಸಿ. ಪ್ರತಿ ಮುದ್ರಣಕ್ಕೂ ಮೊದಲು ಶ್ರುತಿ ಮಾಡಿ.

ಹೆತ್ತವರಿಗೆ ಎರಡು ಮಾತು

ಹೊಸ ತಂತಿಗಳ ಒಂದು ಕಟ್ಟು, ಒಳ್ಳೆಯ ಬೆಸುಗೆಯಿರುವ ಒಂದು ಕೇಬಲ್, ಮೂರು ಪಿನ್ನಿನ ಭದ್ರವಾದ ಒಂದು ಬೋರ್ಡು ಇವಿಷ್ಟಕ್ಕೆ ಖರ್ಚು ಮಾಡಲು ಹಿಂಜರಿಯಬೇಡಿ. ಧ್ವನಿಮುದ್ರಣಕ್ಕೆ ಉಚಿತವಾಗಿ ಸಿಗುವ ಆಡಾಸಿಟಿಯಂಥ ತಂತ್ರಾಂಶವೇ ಕಲಿಯುವವರಿಗೆ ಸಾಕು. ಇನ್ನೊಂದು, ಕಿವಿಯ ಕಾಳಜಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ನಾಲ್ಕೇ ಗಂಟೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ. ಹೆಡ್‌ಫೋನ್ ಹಾಕಿದ ಮಗಳಿಗೆ ಪಕ್ಕದಲ್ಲಿ ನಿಂತು ಕರೆದರೂ ಕೇಳಿಸದಿದ್ದರೆ ಸದ್ದು ಇಳಿಸಲು ಹೇಳಿ. ಕೆಟ್ಟ ಕೇಬಲ್ ಬದಲಾಯಿಸಬಹುದು, ಕೆಟ್ಟ ಕಿವಿಯನ್ನಲ್ಲ.

ಗಡಿನಾಡಿನ ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರ ನಾಲಗೆಯ ಮೇಲೆ ಮಾತ್ರ ಉಳಿದಿರುವ ಕನ್ನಡದ ಹಾಡುಗಳು ಎಷ್ಟಿಲ್ಲ! ಮೊಮ್ಮಗ ಗಿಟಾರ್ ಹಿಡಿದು, ಅಜ್ಜಿ ಮೈಕಿನ ಮುಂದೆ ಕುಳಿತು, ಅಂಥ ಒಂದು ಹಾಡು ಶುದ್ಧವಾಗಿ ಮುದ್ರಣವಾದರೆ ಆ ಪುಟ್ಟ ಪೆಟ್ಟಿಗೆಗೆ ಕೊಟ್ಟ ದುಡ್ಡು ಸಾರ್ಥಕ. ಬರುವ ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಒಂದು ಗಂಟೆ ಕುಳಿತು, ಗಿಟಾರಿನಿಂದ ಹೆಡ್‌ಫೋನಿನವರೆಗೆ ಆರು ನಿಲ್ದಾಣಗಳನ್ನೂ ಒಂದೊಂದಾಗಿ ಪರೀಕ್ಷಿಸಿ ನೋಡಿ. ಗೋಡೆಯ ಪ್ಲಗ್‌ನಿಂದಲೇ ಆರಂಭಿಸಿ.